ಕಲಬುರಗಿ ಬಿಸಲಾಗ ನನ್ನ ಮಾರಿ ನಾ ಹೆಂಗ ನೋಡ್ಕೊಂಡೆ

ವಯಸ್ಸು ಮಾರಿಮ್ಯಾಲ ಮೊದಲು ಎಲ್ಲಿ ಕಾಣ್ತದ ಅಂತ ಕೇಳಿದ್ರ ಎಲ್ಲರೂ ಸುಕ್ಕು ಅಂತಾರ, ನಾ ಮಾತ್ರ ಬಣ್ಣ ಅಂತೀನಿ. ಕಲಬುರಗಿದಾಗ ಪಾರ್ಲರ್ ನಡಸಲಾಕತ್ತು ಬಕ್ಕಳ ವರ್ಷ ಆತು, ಕುರ್ಚಿದಾಗ ಕೂಡೋ ಹೆಣ್ಣಮಕ್ಕಳ ಮಾರಿ ದಿನಾ ಗೇಣು ದೂರದಿಂದ ನೋಡಾಕಿ ನಾ. ನಲವತ್ತು ದಾಟಿದಾಕಿಗೆ ಕಣ್ಣಿನ ತುದಿಗೆ ಒಂದು ಗೆರಿನೂ ಇರಲಿಕ್ಕಿಲ್ಲ, ಆದ್ರ ಗಲ್ಲದ ಎಲುಬಿನ ಮ್ಯಾಲ ಕಂದು ಕಲಿ, ತುಟಿ ಸುತ್ತ ಕಪ್ಪು, ಹಣಿ ಒಂದು ಬಣ್ಣ ಗದ್ದ ಒಂದು ಬಣ್ಣ, ಇದು ಇದ್ದೇ ಇರ್ತದ. ಬಿಳಿ ತೊಗಲಿನ ದೇಶದವರಿಗೆ ಸುಕ್ಕು ಮೊದಲು ಬೀಳ್ತದ, ನಮಗ ಮೆಲನಿನ್, ಅಂದ್ರ ತೊಗಲಿಗೆ ಬಣ್ಣ ಕೊಡೋದು, ಜಾಸ್ತಿ ಅದಕ್ಕ ಸುಕ್ಕು ಹತ್ತತ್ರ ಹತ್ತು ವರ್ಷ ತಡ, ಆದ್ರ ಅದೇ ಮೆಲನಿನ್ ಬಿಸಲಿಗೂ ಕಪ್ಪಾಗಿ ಕುಂದರ್ತದ, ಮೊಡವಿ ಒಡದ್ರೂ ಕಪ್ಪು, ಬ್ಲೀಚ್ ಉರದ್ರೂ ಕಪ್ಪು. ಟೀವಿದಾಗ ಬರೋ ಸುಕ್ಕಿನ ಕ್ರೀಮ್ ಜಾಹೀರಾತು ಎಲ್ಲಾ ಅಲ್ಲಿನವರ ತೊಗಲು ನೋಡಿ ಮಾಡಿದ್ದು, ನಮ್ಮ ಮಂದಿ ಅದನ್ನ ಬಂಗಿಗೆ, ಅಂದ್ರ ಮಾರಿಮ್ಯಾಲಿನ ಕಂದು ಕಲಿಗೆ, ಹಚ್ಚಿ ಏನೂ ಆಗಲಿಲ್ಲ ಅಂತ ನನ್ನ ಹತ್ರ ಬರ್ತಾರ.

ನನಗ ನಲವತ್ತೈದು ದಾಟಿದ ಮ್ಯಾಲ ನನ್ನ ಮಾರಿನೂ ಗಿರಾಕಿ ಮಾರಿ ನೋಡಿದಂಗ ನೋಡಬೇಕು ಅಂತ ಕುಂತೆ. ಪಾರ್ಲರ್ ಕನ್ನಡಿ ಸುತ್ತ ಇರೋ ಬಲ್ಬಿನ ಬೆಳಕು ಸುಳ್ಳು, ಅದು ಎಲ್ಲರಿಗೂ ಛಂದ ತೋರಸ್ತದ. ಮುಂಜಾನಿ ಮಾರಿ ತೊಳದು, ಒರಸಿ, ಏನೂ ಹಚ್ಚದೆ ಕಿಡಕಿ ಬಾಜೂಕ ಕೈಗನ್ನಡಿ ಹಿಡಕೊಂಡು ನಿಂದ್ರಬೇಕು. ನಕ್ಕಾಗ ಮಾತ್ರ ಬೀಳೋ ಗೆರಿ ಬ್ಯಾರೆ, ಸುಮ್ನ ಕುಂತಾಗೂ ಇರೋ ಗೆರಿ ಬ್ಯಾರೆ. ಬೆರಳಿಂದ ತೊಗಲು ಜರಾ ಎಳದ್ರ ಮಾಯ ಆಗೋದು ಒಣಗಿದ್ದಕ್ಕ ಬಿದ್ದಿರೋ ಸಣ್ಣ ಗೆರಿ, ಅದು ಬರೇ ಮಾಯಿಶ್ಚರೈಸರಿಗೇ ಅರ್ಧ ಹೋಗ್ತದ. ಗದ್ದದ ಕೆಳಗ ಇಳಿಬಿದ್ದದ್ದು, ಮೂಗಿನಿಂದ ತುಟಿತನಕ ಬರೋ ಮಡಿಕಿ, ಇವಕ್ಕ ಎಲುಬು ಮತ್ತ ಕೊಬ್ಬು ಕಡಿಮಿ ಆಗೋದೂ ಕಾರಣ, ಹಂಗಾಗಿ ಅದಕ್ಕ ಯಾವ ಡಬ್ಬಿನೂ ಇಲ್ಲ, ಮೊದಲೇ ಹೇಳಿಬಿಡ್ತೀನಿ.

ಇನ್ನೊಂದು ಪರೀಕ್ಷೆ ಅದ, ನನ್ನ ಗಿರಾಕಿ ಎಲ್ಲರಿಗೂ ಮಾಡಸ್ತೀನಿ. ರೆಟ್ಟಿ ಒಳಗಿನ ತೊಗಲು, ಅಂದ್ರ ಕಂಕುಳ ಹತ್ರ ಕುಪ್ಪಸದ ತೋಳಿನ ಒಳಗ ಇರೋದು, ಅದನ್ನ ನೋಡ್ರಿ, ಆಮ್ಯಾಲ ಮುಂಗೈ ನೋಡ್ರಿ. ಎರಡೂ ನಿಮ್ಮ ಜೋಡಿನೇ ಹುಟ್ಟಿದ ತೊಗಲು. ಒಂದು ಇನ್ನೂ ನುಣ್ಣಗ ಒಂದೇ ಬಣ್ಣ ಅದ, ಇನ್ನೊಂದು ಒರಟು, ಚುಕ್ಕಿ ಚುಕ್ಕಿ, ಚಿವುಟಿ ಬಿಟ್ರ ತಡದು ಕೆಳಗ ಇಳೀತದ. ನಡಕಿನ ಫರಕ್ ಬಾಳಷ್ಟು ಬಿಸಲಿಂದು. ನನ್ನ ಕೈಯಾಗ ಇದನ್ನ ನೋಡಿದ ಮ್ಯಾಲ ಬಾಕಿ ಎಲ್ಲಾ ಬದಿಗಿಟ್ಟು ಮೊದಲ ಬಿಸಲಿನ ವ್ಯವಸ್ಥಾ ಮಾಡಬೇಕು ಅಂತ ಠರಾಯಿಸ್ದೆ.

ಕಿಡಕಿ ಗಾಜಿನ ಹಿಂದ ಕುಂತ್ರ ಬಿಸಲು ಹತ್ತಂಗಿಲ್ಲ ಅಂತ ತಿಳಕೊಂಡವರು ಬಾಳ ಮಂದಿ ಇದ್ದಾರ. 2012ರಾಗ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆದಾಗ ಒಬ್ಬ ಲಾರಿ ಡ್ರೈವರನ ಫೋಟೋ ಬಂದಿತ್ತು, 69 ವರ್ಷದಾಂವ, 28 ವರ್ಷ ಗಾಡಿ ಹೊಡದಾಂವ, ಮಾರಿ ಎಡಗಡಿ ಅರ್ಧ ದಪ್ಪನ ಸುಕ್ಕು ಬಿದ್ದು ಜೋತಾಡಲಾಕತ್ತದ, ಬಲಗಡಿ ಅರ್ಧ ಎಷ್ಟೋ ವರ್ಷ ಸಣ್ಣಾವಂದು ಇದ್ದಂಗ ಅದ. ಅಲ್ಲಿ ಡ್ರೈವರಿನ ಕಿಡಕಿ ಎಡಕ್ಕ ಇರ್ತದ. ತೊಗಲು ಸುಡೋ ಕಿರಣ, ಅಂದ್ರ ಯುವಿಬಿ, ಗಾಜು ತಡೀತದ, ತೊಗಲಿನ ಆಳಕ್ಕ ಹೋಗಿ ತೊಗಲು ಬಿಗಿಯಾಗಿ ಹಿಡಿಯೋ ಕೊಲಾಜನ್ ಕಡಿಯೋ ಯುವಿಎ ಗಾಜು ದಾಟಿ ಬರ್ತದ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕ, ಸೇಡಂ ರೋಡಿಗೆ ದಿನಾ ಕಾರ್ ಹೊಡಕೊಂಡು ಡ್ಯೂಟಿಗೆ ಹೋಗೋ ಮೇಡಂ ಒಬ್ಬರು ನನ್ನ ಗಿರಾಕಿ, ಅವರ ಬಲಗಲ್ಲದ ಕಲಿ ಎಡಗಲ್ಲದಕಿಂತ ದಟ್ಟ ಅದ, ಫೋಟೋ ತೆಗೆದು ತೋರಿಸಿದ ಮ್ಯಾಲನೇ ನಂಬಿದ್ರು.

ಮತ್ತ ನಮ್ಮ ಊರಿನ ಬಿಸಲು ಹೇಳೋದೇ ಬ್ಯಾಡ. ಮೇ ತಿಂಗಳ ಎರಡನೇ ವಾರದ ಆಸುಪಾಸು ಮಧ್ಯಾಹ್ನ ಸೂರ್ಯ ಬರೋಬರಿ ನೆತ್ತಿಮ್ಯಾಲ, ಕಂಬದ ನೆರಳು ಕಂಬದ ಬುಡಕ್ಕೇ ಬೀಳ್ತದ. ಆಗಸ್ಟ್ ಮೊದಲ ವಾರ ಮತ್ತೊಮ್ಮೆ ಹಂಗೇ ಬರ್ತಾನ, ಆದ್ರ ಮೋಡ ಅದ ಅಂತ ಯಾರೂ ಅವಾಗ ಲೆಕ್ಕಕ್ಕ ಹಿಡಿಯಂಗಿಲ್ಲ, ತೆಳ್ಳನ ಮೋಡ ಯುವಿ ಬಾಳೇನೂ ತಡಿಯಂಗಿಲ್ಲ ಅಂತ ಅವರಿಗೆ ಯಾರು ಹೇಳಬೇಕು.

ಸನ್‌ಸ್ಕ್ರೀನ್ ಹಚ್ತೀನ್ರಿ ಆದ್ರೂ ಕಪ್ಪಾಗೀನಿ ಅನ್ನೋರಿಗೆ ನಾ ಒಂದೇ ಕೇಳೋದು, ಟ್ಯೂಬ್ ಎಷ್ಟು ದಿನ ಬರ್ತದ? 50 ಗ್ರಾಂ ಟ್ಯೂಬ್ ನಾಕು ತಿಂಗಳು ಬಂತು ಅಂದ್ರ ನೀವು ಹಚ್ಚೇ ಇಲ್ಲ, ಬರೇ ತೋರಸೀರಿ. ತೋರಬೆರಳು ಮತ್ತ ನಡುಬೆರಳು, ಎರಡರ ಮ್ಯಾಲ ಬುಡದಿಂದ ತುದಿತನಕ ಗೆರಿ ಹಾಕಿದಷ್ಟು ಮಾರಿಗೆ ಮತ್ತ ಕುತ್ತಿಗಿಗೆ ಬೇಕು. ಒಮ್ಮೆಲೇ ಅಷ್ಟು ಹಚ್ಚಿದ್ರ ಬಿಳಿ ಬಿಳಿ ಕಾಣ್ತದ, ನಾ ಒಂದು ಬೆರಳಿಂದು ಹಚ್ಚಿ, ಸೀರಿ ಉಟ್ಟು, ಆಮ್ಯಾಲ ಇನ್ನೊಂದು ಬೆರಳಿಂದು ಹಚ್ಕೋತೀನಿ, ಕಿವಿಮ್ಯಾಲ, ಕುತ್ತಿಗಿ ಹಿಂದ, ಮುಂಗೈ ಬಿಡಂಗಿಲ್ಲ. ಎಸ್‌ಪಿಎಫ್ 30 ಅಂದ್ರ ಯುವಿಬಿ ನೂರಕ್ಕ 97 ತಡೀತದ, 50 ಅಂದ್ರ 98, ಹಂಗಾಗಿ 100 ಬರದದ್ದಕ್ಕ ಜಾಸ್ತಿ ರೊಕ್ಕ ಸುರೀಬ್ಯಾಡ್ರಿ. ಪಿಎ ಅಂತ ಬರದು ಮುಂದ ಪ್ಲಸ್ ಗುರುತು ಇರ್ತಾವ, ಯುವಿಎ ಲೆಕ್ಕ ಅದು, ಮೂರು ಇಲ್ಲಾ ನಾಕು ಇದ್ದದ್ದು ತಗೋರಿ. ಬಂಗು ಇದ್ದವರು ಮೈಬಣ್ಣದ್ದು, ಟಿಂಟೆಡ್ ಅಂತ ಸಿಗ್ತದ, ಅದನ್ನೇ ತಗೋಬೇಕು, ಯಾಕಂದ್ರ ಬಂಗನ್ನ ಕಣ್ಣಿಗೆ ಕಾಣೋ ಬೆಳಕೂ ಕೆದಕ್ತದ, ಅದರಾಗಿನ ಐರನ್ ಆಕ್ಸೈಡ್ ಆ ಬೆಳಕು ತಡೀತದ. ಹೊರಗ ಇದ್ರ ಎರಡು ತಾಸಿಗೊಮ್ಮೆ ಮತ್ತ ಹಚ್ಚಬೇಕು ಅಂತ ನಿಯಮ, ನಮ್ಮ ಬ್ಯಾಸಗಿದಾಗ ಬೆವರು ಕಾಲುವಿ ಹರದಂಗ ಹರೀವಾಗ ಆ ನಿಯಮ ಪಾಲಸೋದು ಖರೇನೇ ಕಷ್ಟ, ಅದಕ್ಕ ನಾ ಸ್ಕೂಟಿಮ್ಯಾಲ ಹೋಗೋವಾಗ ಮಾರಿಗೆ ದಪ್ಪ ಕಾಟನ್ ಸ್ಕಾರ್ಫ್ ಸುತ್ಕೋತೀನಿ, ಕೈಗೆ ಉದ್ದ ಗ್ಲೌಸ್. ಜಾಳ ಜಾಳ ಶಿಫಾನ್ ಸುತ್ತಿದ್ರ ಉಪಯೋಗ ಇಲ್ಲ, ಬಟ್ಟಿ ಬೆಳಕಿಗೆ ಹಿಡದು ನೋಡ್ರಿ, ಆಚಿಕಡಿ ಕಾಣ್ತದಂದ್ರ ಬಿಸಲೂ ಬರ್ತದ.

ಇಷ್ಟು ಸನ್‌ಸ್ಕ್ರೀನಿನ ಮ್ಯಾಲೇ ಯಾಕ ಜೋರು ಅಂದ್ರ, ಆಸ್ಟ್ರೇಲಿಯಾದ ನಂಬೂರ್ ಅನ್ನೋ ಊರಾಗ ಒಂಬೈನೂರು ಚಿಲ್ಲರ ಮಂದಿನ ನಾಕೂವರೆ ವರ್ಷ ಇಟ್ಟು ನೋಡ್ಯಾರ, ಒಂದು ಗುಂಪಿಗೆ ದಿನಾ ಹಚ್ರಿ ಅಂದ್ರು, ಇನ್ನೊಂದಕ್ಕ ನಿಮ್ಮ ಮನಸಿಗೆ ಬಂದಾಗ ಹಚ್ರಿ ಅಂದ್ರು. ದಿನಾ ಹಚ್ಚಿದವರ ತೊಗಲಿನ ಮುಪ್ಪು ನೂರಕ್ಕ 24 ಕಡಿಮಿ ಇತ್ತು ಅಂತ 2013ರಾಗ ಬರದ್ರು. ಯಾವ ಗೋಲ್ಡ್ ಫೇಶಿಯಲ್ಲಿಗೂ ಇಂಥಾ ಲೆಕ್ಕ ಯಾರೂ ತೋರಿಸಿಲ್ಲ, ಫೇಶಿಯಲ್ ಮಾರಿ ಹೊಟ್ಟಿ ಹೊರಕೊಳ್ಳಾಕಿ ನಾನೇ ಹೇಳಲಾಕತ್ತೀನಿ.

ಎರಡನೇದು ರಾತ್ರಿದು. ಚರ್ಮದ ಡಾಕ್ಟರ್ ಹತ್ರ ಹೋಗಿ ಕೇಳಿ ಟ್ರೆಟಿನೊಯಿನ್ ಅನ್ನೋ ಮಾರಿಗೆ ಹಚ್ಚೋ ಔಷಧ ಬರಸ್ಕೊಂಡೆ, ನೂರಕ್ಕ 0.025 ಅಂತ ಕಡಿಮಿ ಜೋರಿಂದು. ವಿಟಮಿನ್ ಎ ಮನೆತನದ್ದು ಅದು. 1971ರಾಗ ಅಮೆರಿಕದಾಗ ಮೊಡವಿಗಂತ ಒಪ್ಪಿಗಿ ಸಿಕ್ಕಿತ್ತು, ಹಚ್ಚಿದವರ ಬಿಸಲಿಗೆ ಹಾಳಾದ ತೊಗಲೂ ಸುಧಾರಸ್ತದ ಅಂತ ಕ್ಲಿಗ್ಮನ್ ಅನ್ನೋ ಡಾಕ್ಟರು 1986ರಾಗ ಬರದ್ರು, 1995ರಾಗ ಸಣ್ಣ ಸುಕ್ಕಿಗೂ ಒಪ್ಪಿಗಿ ಆತು. (ಇದೇ ಡಾಕ್ಟರು ಜೈಲಿನ ಕೈದಿಗಳ ತೊಗಲಿನ ಮ್ಯಾಲ ಏನೇನೋ ಪ್ರಯೋಗ ಮಾಡಿದ್ದ ಹೊಲಸು ಕಥಿನೂ ಅದ, ಔಷಧ ಛಲೋ ಅದ ಅಂತ ಆ ಕಥಿ ಮುಚ್ಚಬಾರದು.) ಹಚ್ಚೋ ಪದ್ಧತಿ ಮುಖ್ಯ. ಮಾರಿ ತೊಳದ ಮ್ಯಾಲ ಪೂರಾ ಒಣಗಲಾಕ ಬಿಡ್ತೀನಿ, ಹಸಿ ಮಾರಿಗೆ ಹಚ್ಚಿದ್ರ ಉರೀತದ. ಮೊದಲ ತೆಳ್ಳಗ ಮಾಯಿಶ್ಚರೈಸರ್, ಆಮ್ಯಾಲ ಬಟಾಣಿ ಕಾಳಿನಷ್ಟು ಔಷಧ ತಗೊಂಡು ಹಣಿಗೊಂದು, ಎರಡು ಗಲ್ಲಕ್ಕೊಂದೊಂದು, ಗದ್ದಕ್ಕೊಂದು, ಮೂಗಿಗೊಂದು ಚುಕ್ಕಿ ಇಟ್ಟು ಸವರೋದು, ಮತ್ತ ಮ್ಯಾಲ ಮಾಯಿಶ್ಚರೈಸರ್. ಮೂಗಿನ ಮಗ್ಗಲು, ತುಟಿ ಮೂಲಿ, ಕಣ್ಣಿನ ತುದಿ ಈ ಮೂರು ಜಾಗಕ್ಕ ಮೊದಲ ವ್ಯಾಸಲೀನ್ ಹಚ್ಚಿಟ್ರ ಅಲ್ಲಿ ಹರದು ಉರಿಯಂಗಿಲ್ಲ. ವಾರಕ್ಕ ಎರಡೇ ರಾತ್ರಿ ಅಂತ ಶುರು ಮಾಡಿ ತೊಗಲು ಒಗ್ಗಿದಂಗ ಜಾಸ್ತಿ ಮಾಡ್ಕೊಂಡು ಹೋದೆ. ಮೊದಮೊದಲು ಮಾರಿ ಒಣಗಿ ಹೊಟ್ಟು ಹೊಟ್ಟು ಏಳ್ತದ, ಬಾಜೂ ಮನಿ ವೈನಿ "ಏನವಾ ಪಾರ್ಲರ್‌ದಾಕಿ, ನಿನ್ನ ಮಾರಿನೇ ಸುಲದಂಗ ಆಗ್ಯದಲಾ" ಅಂತ ನಗಾಡಿದ್ರು, ನಗಲಿ. ಮೂರು ತಿಂಗಳತನಕ ಏನೂ ಆಗೇ ಇಲ್ಲೇನೋ ಅನ್ನಿಸ್ತದ, ಆರು ತಿಂಗಳಿಗೆ ಬಣ್ಣ ಒಂದೇ ಸಮ ಆಗಲಾಕತ್ತದ, ಸಣ್ಣ ಗೆರಿ ಮಸುಕಾಗ್ತಾವ, ಆಳ ಗೆರಿ ಮಾತ್ರ ಹಂಗೇ ಇರ್ತಾವ.

ಬಸುರಾದಾಕಿ, ಆಗಬೇಕಂತ ಇದ್ದಾಕಿ ಇದನ್ನ ಮುಟ್ಟಲೇಬಾರದು. ಅಂಥವರಿಗೆ ಡಾಕ್ಟರು ಅಝೆಲಾಯಿಕ್ ಆಸಿಡ್ ಬರದು ಕೊಡ್ತಾರ, ಅದು ಬಂಗಿಗೂ ನಡೀತದ. ಮತ್ತೊಂದು ನಮ್ಮ ಕಸಬಿನ ಮಾತು. ಅಪ್ಪರ್ ಲಿಪ್ ವ್ಯಾಕ್ಸ್ ಮಾಡೋ ಮೊದಲ ನಾ "ರಾತ್ರಿ ಏನು ಹಚ್ತೀರಿ" ಅಂತ ಕೇಳೇ ಕೇಳ್ತೀನಿ, ಈ ಔಷಧ ಹಚ್ಚೋರ ತೊಗಲಿಗೆ ವ್ಯಾಕ್ಸ್ ಪಟ್ಟಿ ಎಳದ್ರ ಕೂದಲ ಜೋಡಿ ತೊಗಲೂ ಕಿತ್ತು ಬರ್ತದ, ಆಮ್ಯಾಲ ಮೀಸಿ ಜಾಗದಾಗ ಕಪ್ಪು ಪಟ್ಟಿ ಎಷ್ಟೋ ತಿಂಗಳು ಕುಂದರ್ತದ. ಅವರಿಗೆ ದಾರದ ಥ್ರೆಡಿಂಗೇ ಸೈ, ಅದೂ ನಾಕು ದಿನ ಮೊದಲ ಔಷಧ ನಿಲ್ಲಿಸಿ ಬಂದ್ರ.

ಈಗ ಬಂಗಿನ ಮಾತಿಗೆ ಬರ್ತೀನಿ, ಯಾಕಂದ್ರ ನನ್ನ ಕುರ್ಚಿದಾಗ ಕೂಡೋರ ಅರ್ಧ ಗೋಳು ಅದೇ. ಬಸುರ್ತನ, ಬಸುರು ತಡಿಯೋ ಗುಳಿಗಿ, ಥೈರಾಯ್ಡ್, ಮನಿತನದಾಗ ಬಂದದ್ದು, ಕಾರಣ ಬಾಳ ಅವ, ಬಿಸಲು ಎಲ್ಲದಕ್ಕೂ ಎಣ್ಣಿ ಸುರೀತದ. ಒಲಿ ಬಿಸಿನೂ ಕೆದಕ್ತದ ಅಂತಾರ ಡಾಕ್ಟರು, ನಮ್ಮಲ್ಲಿ ದಿನಾ ಹಂಚಿನ ಮುಂದ ಬಗ್ಗಿ ಜ್ವಾಳದ ರೊಟ್ಟಿ ಬಡಿಯೋರಿಗೆ ಇದನ್ನ ಹೇಳಿದ್ರ "ಹಂಗಾದ್ರ ರೊಟ್ಟಿ ನೀ ಮಾಡಿಕೊಡ್ತಿಯೇನು" ಅಂತಾರ, ಅದಕ್ಕ ನನ್ನ ಹತ್ರ ಉತ್ತರ ಇಲ್ಲ, ಎಕ್ಸಾಸ್ಟ್ ಫ್ಯಾನ್ ಹಚ್ಚಿಸ್ರಿ, ಜರಾ ದೂರ ನಿಂದ್ರಿ ಅಂತೀನಿ ಅಷ್ಟೇ.

ಆದ್ರ ಬಂಗಿಗಿಂತ ಕೆಟ್ಟದ್ದು ಬಂಗಿಗೆ ಅಂತ ಹಚ್ಚೋ ಕ್ರೀಮು. ಒಬ್ಬ ಹುಡುಗಿ ಬಂದಿದ್ಲು, ಆಳಂದ ಕಡಿದಾಕಿ, ಇನ್ನೂ ಮೂವತ್ತೂ ಆಗಿಲ್ಲ, "ಯಕ್ಕಾ, ಈ ಕ್ರೀಮ್ ಬಿಟ್ರ ಮಾರಿ ಕೆಂಪಗಾಗಿ ಉರೀತದ, ಹಚ್ಚಿದ್ರ ತಂಪಾಗ್ತದ, ಏನು ಮಾಡ್ಲಿ?" ಅಂದ್ಲು. ಟ್ಯೂಬಿನ ಹಿಂದ ಓದಿ ನೋಡಿದ್ರ ಸ್ಟೆರಾಯ್ಡ್. ಅಕ್ಕನ ಮನ್ಯಾಗ ಯಾರೋ ಹಚ್ಚಿ ಬೆಳ್ಳಗಾಗಿದ್ರು ಅಂತ ಈಕಿನೂ ವರ್ಷಗಟ್ಟಲೆ ಹಚ್ಯಾಳ. ಗಲ್ಲದ ತೊಗಲು ಎಷ್ಟು ತೆಳ್ಳಗಾಗಿತ್ತಂದ್ರ ಒಳಗಿನ ಕೆಂಪು ನರ ಸಣ್ಣ ಬೇರಿನಂಗ ಕಾಣ್ತಿದ್ದವು, ಕಿವಿ ಮುಂದ ಕೂದಲ ದಟ್ಟ ಬೆಳದಿದ್ದವು, ಗದ್ದದ ತುಂಬ ಮೊಡವಿ. ಮುಪ್ಪು ಅಂದ್ರ ತೊಗಲು ತೆಳ್ಳಗಾಗೋದು, ಈ ಕ್ರೀಮು ಅದನ್ನ ಮೂವತ್ತಕ್ಕೇ ತಂದು ಕೊಡ್ತದ. ಇಂಥ ಹದಿನಾಕು ಸ್ಟೆರಾಯ್ಡ್ ಕ್ರೀಮುಗಳನ್ನ ಸರಕಾರ 2018ರಾಗ ಶೆಡ್ಯೂಲ್ ಎಚ್‌ಗೆ ಹಾಕಿತು, ಡಾಕ್ಟರ್ ಚೀಟಿ ಇಲ್ಲದ ಕೊಡಬಾರದು ಅಂತ, ಆದ್ರೂ ಸಿಗ್ತಾವ. ಆಕಿಗೆ ನಾ ಏನೂ ಹಚ್ಚಲಿಲ್ಲ, ಫೇಶಿಯಲ್ಲಿನ ರೊಕ್ಕಾನೂ ತಗೊಳ್ಳಲಿಲ್ಲ, ಒಮ್ಮೆಲೇ ಬಿಟ್ರ ಇನ್ನೂ ಉರಿ ಏಳ್ತದ ಅದಕ್ಕ ಡಾಕ್ಟರ್ ಕೈಯಾಗ ಹಂತ ಹಂತವಾಗಿ ಬಿಡು ಅಂತ ಹೇಳಿ ಕಳಿಸ್ದೆ. ಹೆಸರು ಗೊತ್ತಿಲ್ಲದ, ಒಳಗ ಏನದ ಅಂತ ಬರೀದ, ವಾರದಾಗ ಬೆಳ್ಳಗ ಮಾಡ್ತೀವಿ ಅನ್ನೋ ಡಬ್ಬಿಯಾಗ ಪಾದರಸನೂ ಇರಬಹುದು, ಅದು ಕಿಡ್ನಿಗೆ ಹೋಗಿ ಕುಂದರ್ತದ.

ಡಾಕ್ಟರು ಬಂಗಿಗೆ ಹೈಡ್ರೋಕ್ವಿನೋನ್ ಇರೋ ಕ್ರೀಮ್ ಕೊಡೋದು ಅದ, ಛಲೋ ಕೆಲಸ ಮಾಡ್ತದ, ಆದ್ರ ಅವರು ಎರಡು ತಿಂಗಳು ಅಂದ್ರ ಎರಡೇ ತಿಂಗಳು. ಚೀಟಿ ಜೆರಾಕ್ಸ್ ಮಾಡಿಸಿ ವರ್ಷಾನುಗಟ್ಟಲೆ ಹಚ್ಚಿದ್ರ ನೀಲಿ ಮಿಶ್ರ ಕಪ್ಪು ಕಲಿ ಬಿದ್ದು ಅದು ತೆಗೀಲಾಕೇ ಬರಂಗಿಲ್ಲ.

ಪಾರ್ಲರಿನಾಗ ನಾ ಮುಟ್ಟದೇ ಇರೋದು ಇನ್ನೂ ಮೂರ್ನಾಕು ಅವ. ಗಲ್ಲದ ಮ್ಯಾಲ, ಕಣ್ಣಿನ ಸುತ್ತ ಸಾಸಿವಿ ಕಾಳಿನಷ್ಟು ಕಪ್ಪು ಗುಳ್ಳಿ ಏಳ್ತಾವಲಾ, ನನಗೂ ನಾಕೈದು ಎದ್ದಿದ್ದವು, ತಾಯಿಗೆ ಇದ್ರ ಮಗಳಿಗೂ ಬರ್ತಾವ. ಕೂದಲು ಕಟ್ಟೋದು, ಸುಣ್ಣ ಹಚ್ಚೋದು ಮಾಡ್ತಾರ, ಗುಳ್ಳಿ ಹೋಗಿ ಗುಂಡಿ ಉಳೀತದ. ಡಾಕ್ಟರು ನೋವು ಗೊತ್ತಾಗಲಾರದಂಗ ಮಾಡೋ ಕ್ರೀಮ್ ಹಚ್ಚಿ ಕರೆಂಟಿನ ಸೂಜಿಯಿಂದ ಸುಡ್ತಾರ, ನನ್ನವು ಹಂಗೇ ತಗಿಸ್ದೆ, ಹಕ್ಕಳಿ ಕಟ್ಟಿ ವಾರದಾಗ ಉದುರಿದವು, ಅಷ್ಟು ದಿನ ಬಿಸಲಿಗೆ ಹೋಗಬಾರದು. ಕಣ್ಣರೆಪ್ಪಿ ಮೂಗಿನ ಕಡಿ ಹಳದಿ ದಪ್ಪ ಮಚ್ಚಿ ಕಂಡ್ರ ಕೊಲೆಸ್ಟ್ರಾಲ್ ತಪಾಸ ಮಾಡಿಸ್ರಿ. ಯಾವುದೇ ಮಚ್ಚಿ ಒಮ್ಮೆಲೇ ಬೆಳೀಲಾಕತ್ತಿತು, ಅಂಚು ಸೊಟ್ಟ ಆತು, ರಕ್ತ ಬಂತು ಅಂದ್ರ ಪಾರ್ಲರ್ ದಾರಿನೇ ಹಿಡೀಬ್ಯಾಡ್ರಿ, ಸೀದಾ ಡಾಕ್ಟರ್ ಹತ್ರ ಹೋಗ್ರಿ.

ಮತ್ತ ಕುತ್ತಿಗಿ. "ಕುತ್ತಿಗಿ ಕಪ್ಪಾಗ್ಯದ, ಬ್ಲೀಚ್ ಹೊಡೀರಿ" ಅಂತ ಬಕ್ಕಳ ಮಂದಿ ಬರ್ತಾರ. ಕೈ ಆಡಿಸಿ ನೋಡ್ತೀನಿ, ಮಖಮಲ್ಲಿನಂಗ ದಪ್ಪ ಇತ್ತು, ಮಡಿಕಿ ಮಡಿಕಿ ಇತ್ತು ಅಂದ್ರ ಅದು ಹೊಲಸೂ ಅಲ್ಲ, ಬಿಸಲೂ ಅಲ್ಲ, ವಯಸ್ಸೂ ಅಲ್ಲ, ಮೈಯಾಗ ಇನ್ಸುಲಿನ್ ಬರೋಬರಿ ಕೆಲಸ ಮಾಡ್ಲಾಕತ್ತಿಲ್ಲ ಅನ್ನೋ ಗುರುತು. ಶುಗರ್ ಮಾಡಿಸ್ರಿ ಅಂತ ಎಷ್ಟು ಮಂದಿನ್ನ ಕಳಿಸೀನೋ, ತಿಕ್ಕಿ ತಿಕ್ಕಿ ತೊಳದ್ರ ಅದು ಇನ್ನೂ ಕಪ್ಪಾಗ್ತದ.

ಮನಿಮದ್ದಿನ ಬಗ್ಗಿ ನನಗ ಸಿಟ್ಟಿಲ್ಲ. ಕಡ್ಲಿ ಹಿಟ್ಟು ಕೆನಿ ಹಾಲು ಒಣಗಿದ ಮಾರಿಗೆ ಛಲೋ, ಎಣ್ಣಿ ಮಾರಿಯವರು ಮುಲ್ತಾನಿ ಮಿಟ್ಟಿ ಹಚ್ಚಲಿ, ಕಲಿ ಹೋಗ್ತದ ಅಂತ ಮಾತ್ರ ಕಾಯಬಾರದು. ನಿಂಬಿಹಣ್ಣು ಬ್ಯಾಡೇ ಬ್ಯಾಡ, ಅದರ ರಸ ಹತ್ತಿದ ಜಾಗಕ್ಕ ಬಿಸಲು ಬಿದ್ರ ಸುಟ್ಟಂಗ ಗುಳ್ಳಿ ಎದ್ದು ಕಪ್ಪು ಗೆರಿ ಬೀಳ್ತದ, ನಮ್ಮ ಊರಾಗ ನಿಂಬಿ ಹಚ್ಕೊಂಡು ಅಂಗಳಕ್ಕ ಬಂದ್ರ ಸಾಕು. ವಿಟಮಿನ್ ಸಿ ಸೀರಮ್ ಬಗ್ಗಿನೂ ಕೇಳ್ತಾರ, ಹಚ್ರಿ, ಒಳ್ಳೇದೇ, ಆದ್ರ ಏಪ್ರಿಲ್ಲಿನಾಗ ಡ್ರೆಸ್ಸಿಂಗ್ ಟೇಬಲ್ ಮ್ಯಾಲ ಇಟ್ರ ಧಗಿಗೆ ಬಾಟ್ಲಿ ಚಹಾದ ಬಣ್ಣಕ್ಕ ತಿರಗ್ತದ, ಹಂಗಾದದ್ದು ಚೆಲ್ಲಿಬಿಡ್ರಿ, ಹೊಸಾದು ತಂದ್ರ ಫ್ರಿಜ್ಜಿನಾಗ ಇಡ್ರಿ.

ಮುಟ್ಟು ನಿಂತ ಮ್ಯಾಲ ತೊಗಲು ಒಮ್ಮೆಲೇ ಒಣಗಿ ತೆಳ್ಳಗಾದಂಗ ಅನ್ನಿಸ್ತದ, ಬರೇ ಅನ್ನಿಸಿಕಿ ಅಲ್ಲ ಅದು, ಮೊದಲ ಐದು ವರ್ಷದಾಗ ಕೊಲಾಜನ್ ನೂರಕ್ಕ ಮೂವತ್ತರಷ್ಟು ಕಡಿಮಿ ಆಗ್ತದಂತ. ಮ್ಯಾಲ ನಮ್ಮ ಬೋರಿನ ಗಡಸು ನೀರು, ಮ್ಯಾಲ ಮೈಗೆ ಹಚ್ಚೋ ಸಾಬೂನೇ ಮಾರಿಗೂ. ಈಗ ನಾ ಮಾರಿಗೆ ಸಾಬೂನು ಹಚ್ಚಂಗಿಲ್ಲ, ನೊರಿ ಬರದ ಕ್ಲೆನ್ಸರ್, ಒರಸೋದು ಅರ್ಧ, ಹಸಿ ಇದ್ದಾಗಲೇ ಮಾಯಿಶ್ಚರೈಸರ್ ಹಚ್ಚೋದು, ಟ್ರೆಟಿನೊಯಿನ್ ಇರೋ ರಾತ್ರಿ ಬಿಟ್ಟು. ಮುಂಗೈಗೆ ಮತ್ತ ಹಿಮ್ಮಡಿಗೆ ಯೂರಿಯಾ ಇರೋ ಕ್ರೀಮ್, ಮೆಡಿಕಲ್ಲಿನಾಗ ಸಿಗ್ತದ, ರಾತ್ರಿ ಹಚ್ಚಿ ಹಳೇ ಸಾಕ್ಸ್ ಹಾಕ್ಕೊಂಡು ಮಲಗ್ತೀನಿ.

ಬೋಟಾಕ್ಸ್ ಮಾಡಿಸಬೇಕೇನ್ರಿ ಅಂತ ಈಗ ನಮ್ಮ ಕಡೀನೂ ಕೇಳಲಾಕತ್ಯಾರ. ಹುಬ್ಬಿನ ನಡುವ, ಹಣಿಮ್ಯಾಲ, ಕಣ್ಣಿನ ತುದಿಗೆ ಸ್ನಾಯು ಕುಣದು ಬೀಳೋ ಗೆರಿಗೆ ಖರೇನೇ ಕೆಲಸ ಮಾಡ್ತದ, ಮೂರ್ನಾಕು ತಿಂಗಳಿಗೆ ಇಳೀತದ, ಮತ್ತ ರೊಕ್ಕ. ಕಲಿಗೆ, ಬಂಗಿಗೆ ಅದರಿಂದ ಏನೂ ಆಗಂಗಿಲ್ಲ. ನಾ ಮಾಡಿಸಿಲ್ಲ, ನಕ್ಕಾಗ ಬೀಳೋ ಗೆರಿ ನನಗ ತ್ರಾಸ ಕೊಟ್ಟಿಲ್ಲ. ಮಾಡಿಸೋರು ಚರ್ಮದ ಡಾಕ್ಟರ್ ಹತ್ರನೇ ಮಾಡಿಸ್ರಿ, ಪಾರ್ಲರಿನಾಗ ಸೂಜಿ ಹಿಡದವರ ಮುಂದ ಮಾರಿ ಒಡ್ಡಬ್ಯಾಡ್ರಿ. ಲೇಸರ್ ಮಾಡಿಸೋರೂ ನಮ್ಮ ಬಣ್ಣದ ತೊಗಲಿಗೆ ಮಾಡಿ ಅನುಭವ ಇದ್ದವರನ್ನೇ ಹುಡುಕಬೇಕು, ಸೆಟ್ಟಿಂಗ್ ಜರಾ ಜಾಸ್ತಿ ಆದ್ರ ಹೋದ ಕಲಿ ಎರಡು ಪಟ್ಟಾಗಿ ವಾಪಸ್ ಬರ್ತದ.

ಇನ್ನ "ಬರೋ ತಿಂಗಳ ಮಗಳ ಮದಿವಿ, ನನ್ನ ಮಾರಿ ಸುಧಾರಸಿ ಕೊಡವಾ" ಅಂತ ಬರೋ ಕಾಕುಗೋಳಿಗೆ. ಒಂದು ತಿಂಗಳದಾಗ ಕಲಿ ಹೋಗಂಗಿಲ್ಲ. ಹೊಸಾ ಔಷಧ, ಹೊಸಾ ಪೀಲ್ ಯಾವುದೂ ಶುರು ಮಾಡಬ್ಯಾಡ್ರಿ, ಮದಿವಿ ದಿನಕ್ಕ ಬರೋಬರಿ ಮಾರಿ ಸಿಪ್ಪಿ ಏಳ್ತದ. ಸನ್‌ಸ್ಕ್ರೀನು, ಎರಡು ಹೊತ್ತು ಮಾಯಿಶ್ಚರೈಸರು, ಲಗ್ನಪತ್ರಿಕೆ ಹಂಚಲಾಕ ಊರೂರು ತಿರಗೋವಾಗ ತಲಿಮ್ಯಾಲ ಸೆರಗು, ಇಷ್ಟಕ್ಕೇ ಸಣ್ಣ ಗೆರಿ ತುಂಬಿ ಮಾರಿ ಜರಾ ಹೊಳೀತದ. ಫೇಶಿಯಲ್ ಬೇಕೇ ಬೇಕಂದ್ರ ಅರಿಶಿಣಕ್ಕ ಒಂದು ವಾರ ಮೊದಲ ಬರ್ರಿ, ಹಿಂದಿನ ದಿನ ಬಂದ್ರ ನಾ ಮಾಡಂಗಿಲ್ಲ.